ಬಾಗಿಲ ಹೊರಗೆ ನಿಂತ ನಾಟಕದ ಮೇಡಂ

ಬೀದಿ ದೀಪ ಇನ್ನೂ ಆರಿಲ್ಲ. ಶಾಲೆಯ ಹಿಂಬದಿಯ ಊಟದ ಕೋಣೆಯಲ್ಲಿ ಉದ್ದನೆಯ ಟೇಬಲ್ಲೊಂದು ನೆಲಕ್ಕೆ ಕಾಲುಜ್ಜುತ್ತ ಕಿರ್ರೆನ್ನುತ್ತಿದೆ. ಅದನ್ನು ತಳ್ಳುತ್ತಿರುವವರು ಐವತ್ತರ ಆಸುಪಾಸಿನ, ಸಣಕಲು ಮೈಯ ಹೆಂಗಸು. ಕೂದಲನ್ನು ಗಂಟು ಹಾಕಿ ಅದಕ್ಕೊಂದು ಪೆನ್ಸಿಲ್ ಸಿಕ್ಕಿಸಿದ್ದಾರೆ. ಬಾಗಿಲ ಬಳಿ ಚಪ್ಪಲಿ ಒಂದು ಇತ್ತ, ಒಂದು ಅತ್ತ ಬಿದ್ದಿದೆ. ಒಂದು ಟೇಬಲ್ ಗೋಡೆಗೆ ಸೇರಿತೋ ಇಲ್ಲವೋ, ಇನ್ನೊಂದಕ್ಕೆ ಕೈ ಹಚ್ಚುತ್ತಾರೆ. ಅಷ್ಟರಲ್ಲಿ ಕಿಟಕಿ ನೆನಪಾಗುತ್ತದೆ, ಓಡಿ ಹೋಗಿ ತೆರೆಯುತ್ತಾರೆ. ವಾಪಸ್ ಬರುವಾಗ ನಿನ್ನೆಯ ಬ್ರೆಡ್ಡಿನ ತುಣುಕು ಕಾಲಿಗೆ ಸಿಗುತ್ತದೆ, ಬಗ್ಗಿ ಹೆಕ್ಕುತ್ತಾರೆ. ಹೆಕ್ಕಿದ್ದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಮೂರನೆಯ ಟೇಬಲ್ಲಿಗೆ ಹೋಗುತ್ತಾರೆ.

ಇವರ ಬಗ್ಗೆ ಬರೆಯಲು ಬಂದ ನಾನೂ ಒಂದು ತುದಿಗೆ ಕೈ ಹಚ್ಚುತ್ತೇನೆ. "ಎತ್ಬೇಡಿ, ತಳ್ಳಿ. ಎತ್ತಿದ್ರೆ ಸೊಂಟ ಹಿಡ್ಕೊಳ್ಳುತ್ತೆ. ಆಮೇಲೆ ನಿಮ್ಮ ಪತ್ರಿಕೆಯವರು ನನ್ನ ಮೇಲೆ ಬೇರೆ ಥರ ಬರೀತಾರೆ," ಎನ್ನುತ್ತಾರೆ.

ಇವರು ಈ ಶಾಲೆಯ ಕೊನೆಯ ಎರಡು ತರಗತಿಗಳಿಗೆ ನಾಟಕ ಕಲಿಸುವ ಮೇಡಂ. ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಬಣ್ಣ ಹಚ್ಚಿ ಕುಣಿಸುವ ಕೆಲಸ ಇದಲ್ಲ. ಇಲ್ಲಿ ಗಣಿತ, ವಿಜ್ಞಾನದ ಹಾಗೆ ನಾಟಕವೂ ಒಂದು ವಿಷಯ. ಎರಡು ವರ್ಷ ಓದಬೇಕು, ಲಿಖಿತ ಪರೀಕ್ಷೆ ಬರೆಯಬೇಕು. ಕೊನೆಯಲ್ಲಿ ನಾಲ್ಕೈದು ಮಂದಿಯ ಗುಂಪು ತಾನೇ ಒಂದು ನಾಟಕ ಕಟ್ಟಿ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಆಡಿ ತೋರಿಸಬೇಕು. ಅಂಕ ಗುಂಪಿಗೆ ಸೇರಿದ್ದು. ಒಬ್ಬರು ಕೈಕೊಟ್ಟರೆ ಎಲ್ಲರೂ ಮುಳುಗಿದಂತೆ.

ವಿಷಯವೇನೋ ಇದೆ, ಅದಕ್ಕೊಂದು ಕೋಣೆ ಇಲ್ಲ. ಶಾಲೆಯಲ್ಲಿ ಇಷ್ಟು ದೊಡ್ಡ ಜಾಗವೆಂದರೆ ಊಟದ ಕೋಣೆಯೊಂದೇ, ಅದು ಖಾಲಿ ಸಿಗುವುದು ಬೆಳಗಿನ ಹೊತ್ತು ಮಾತ್ರ. ಹಾಗಾಗಿ ಶಾಲೆಯ ಗಂಟೆ ಬಾರಿಸುವ ಬಹಳ ಮೊದಲೇ, ಅರ್ಧ ನಿದ್ದೆಯಲ್ಲಿರುವ ಹದಿನೇಳರ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಗೋಡೆಗೆ ಒರಗುತ್ತಾರೆ. ಈ ಸಲ ಕೊನೆಯ ವರ್ಷದಲ್ಲಿ ಒಂಬತ್ತು ಮಂದಿ ಇದ್ದಾರೆ.

"ಸುಮ್ಮನೆ ನಿಂತ್ಕೊಳ್ಳಿ," ಎಂದು ಪಾಠ ಶುರುವಾಗುತ್ತದೆ. "ಏನೂ ಮಾಡ್ಬೇಡಿ. ಕೈ ಜೇಬಿಗೆ ಹೋಗ್ಬಾರ್ದು, ಕೂದಲಿಗೆ ಹೋಗ್ಬಾರ್ದು. ನಿಂತ್ಕೊಳ್ಳಿ ಅಷ್ಟೆ."

ಒಂಬತ್ತು ಮಂದಿ ನಿಲ್ಲುತ್ತಾರೆ. ಮೇಡಂ ಮಾತ್ರ ಅವರ ಸುತ್ತ ಗಿರಗಿರನೆ ಸುತ್ತುತ್ತ, ಒಬ್ಬನ ಭುಜ ತಟ್ಟಿ, ಇನ್ನೊಬ್ಬಳ ಗಲ್ಲ ಎತ್ತಿ, "ಅಲ್ಲಾಡ್ಬೇಡ, ಅಲ್ಲಾಡ್ಬೇಡ" ಎನ್ನುತ್ತಿರುತ್ತಾರೆ. ಹಿಂದಿನ ಸಾಲಿನಿಂದ ಕಿಸಕ್ಕೆಂದು ನಗು ಹೊರಡುತ್ತದೆ. ಮಕ್ಕಳು ಇವರಿಗಿಟ್ಟಿರುವ ಹೆಸರು ಬುಗುರಿ ಮಿಸ್.

"ಗೊತ್ತು ನಂಗೆ," ಎನ್ನುತ್ತಾರೆ ಬುಗುರಿ ಮಿಸ್. "ಇದಕ್ಕಿಂತ ಮುಂಚೆ ಮಿಕ್ಸಿ ಅಂತ ಇಟ್ಟಿದ್ರು. ಬುಗುರಿಯೇ ವಾಸಿ, ಶಬ್ದ ಕಡಿಮೆ."

ಏಳೂವರೆಗೆ ಅಡುಗೆಯ ಅಕ್ಕ ಬರುತ್ತಾರೆ. ದಪ್ಪನೆಯ ಹೆಂಗಸು, ದೊಡ್ಡ ಗಂಟಲು. ಊಟ ಬಡಿಸುವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿಮ್ಮ ರಾಜ ಸತ್ನಾ ಮೇಡಂ? ಸತ್ತಿದ್ರೆ ಎತ್ಕೊಂಡು ಹೋಗಿ, ನಂಗೆ ಟೇಬಲ್ ಬೇಕು," ಎಂದು ಕೂಗುತ್ತಾರೆ. ಸಾಯುತ್ತಿದ್ದ ಹುಡುಗ ಅವಸರದಲ್ಲಿ ಸತ್ತು, ಎದ್ದು, ಟೇಬಲ್ ತಳ್ಳಲು ಓಡುತ್ತಾನೆ.

ಬುಗುರಿ ಮಿಸ್ ಹುಟ್ಟಿದ್ದು ಊರೂರು ಅಲೆಯುವ ನಾಟಕ ಮಂಡಳಿಯೊಂದರಲ್ಲಿ. ಅಪ್ಪ ಪರದೆ ಬರೆಯುತ್ತಿದ್ದರು. ಅರಮನೆ, ಕಾಡು, ಬೀದಿ ಎಲ್ಲವೂ ಅವರ ಕುಂಚದಿಂದಲೇ ಬರಬೇಕಿತ್ತು. ಅಮ್ಮ ನಟರ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದರು. ಮಗಳಿಗೆ ಸಿಕ್ಕ ಕೆಲಸ, ಪಕ್ಕದ ಪರದೆಯ ಮರೆಯಲ್ಲಿ ನಿಂತು ನಟರು ಮರೆತ ಮಾತನ್ನು ಪಿಸುಗುಟ್ಟುವುದು.

"ಎಲ್ಲರ ಮಾತೂ ನಂಗೆ ಬಾಯಿಪಾಠ. ಮುಂದೆ ಬಂದು ಹೇಳು ಅಂತ ಮಾತ್ರ ಯಾರೂ ಹೇಳ್ಲಿಲ್ಲ. ಒಂದ್ಸಲ ದಾಸಿ ಪಾತ್ರದವಳಿಗೆ ಜ್ವರ ಬಂದಿತ್ತು, ನನ್ನನ್ನ ನಿಲ್ಲಿಸಿದ್ರು. ರಾಣಿ ಮಾತು ಮರೆತ್ಲು. ನಾನು ಅಲ್ಲೇ ಪಕ್ಕದಲ್ಲಿ ನಿಂತು ಜೋರಾಗಿ ಹೇಳಿಕೊಟ್ಟುಬಿಟ್ಟೆ, ಅಭ್ಯಾಸ ಬಲ! ಜನ ಬಿದ್ದು ಬಿದ್ದು ನಕ್ರು. ಅದೇ ಮೊದಲು, ಅದೇ ಕೊನೆ."

ಮಂಡಳಿ ಊರು ಬಿಟ್ಟಾಗಲೆಲ್ಲ ಶಾಲೆಯೂ ಬದಲಾಗುತ್ತಿತ್ತು. ಒಂದು ಶಾಲೆಯಲ್ಲಿ ಅರ್ಧ ಓದಿದ ಪಾಠ ಮುಂದಿನ ಶಾಲೆಯಲ್ಲಿ ಮುಗಿದು ಹೋಗಿರುತ್ತಿತ್ತು. ಕೊನೆಯ ವರ್ಷದ ಪರೀಕ್ಷೆಯ ನಡುವೆಯೇ ಮಂಡಳಿ ಗುಡಾರ ಕಿತ್ತಿತು. "ಎರಡು ಪೇಪರ್ ಬರೆದಿದ್ದೆ. ಮೂರನೇದರ ದಿನ ನಾನು ಲಾರಿ ಮೇಲೆ, ಪರದೆ ಸುರುಳಿಗಳ ನಡುವೆ ಕೂತಿದ್ದೆ," ಎನ್ನುತ್ತಾರೆ. ಎಲ್ಲರೂ ಎರಡು ವರ್ಷದಲ್ಲಿ ಮುಗಿಸುವ ಶಾಲೆಯ ಕೊನೆಯ ಹಂತ ಇವರಿಗೆ ಆರು ವರ್ಷ ಹಿಡಿಯಿತು. ಆ ಹೊತ್ತಿಗೆ ಮಂಡಳಿಯೂ ಮುಚ್ಚಿತ್ತು. ಮುಂದೆ ಭಾಷಾ ಶಿಕ್ಷಕಿಯಾಗಿ ತರಬೇತಿ ಪಡೆದು ಈ ಶಾಲೆಗೆ ಬಂದರು. ನಾಟಕ ಇಲ್ಲಿ ಒಂದು ವಿಷಯವಾದಾಗ ಅದನ್ನು ಕಲಿಸಲು ಯಾವ ಶಿಕ್ಷಕರೂ ಮುಂದೆ ಬರಲಿಲ್ಲ. ಆಗಿನ ಮುಖ್ಯೋಪಾಧ್ಯಾಯರು ಇವರನ್ನು ಕರೆದು, "ನಿಮಗೆ ನಾಟಕದ ಗಾಳಿ ಇದೆಯಂತಲ್ಲ" ಎಂದರಂತೆ.

ಆ ಗಾಳಿ ಇನ್ನೂ ಬೀಸುತ್ತಿದೆ, ಆದರೆ ಹುದ್ದೆ ಖಾಯಂ ಆಗಿಲ್ಲ. "ರಜೆ ಬಂತು ಅಂದ್ರೆ ನನ್ನ ಕೆಲಸ ಹೋಗುತ್ತೆ. ಶಾಲೆ ಶುರುವಾದ್ರೆ ವಾಪಸ್ ಬರುತ್ತೆ. ಬರುತ್ತೆ ಅಂತ ಇಲ್ಲಿವರೆಗೆ ಬಂದಿದೆ," ಎಂದು ನಕ್ಕುಬಿಡುತ್ತಾರೆ. ನಗುವಾಗಲೂ ಬೆರಳುಗಳು ಟೇಬಲ್ ಮೇಲೆ ತಾಳ ಹಾಕುತ್ತಿವೆ.

ಮನೆಯಲ್ಲಿ ಗಂಡ ಮಾತ್ರ. ಆಸ್ಪತ್ರೆಯಲ್ಲಿ ನರ್ಸ್, ಹೆಚ್ಚಾಗಿ ರಾತ್ರಿ ಪಾಳಿ. ಅವರು ಕೆಲಸ ಮುಗಿಸಿ ಬರುವುದಕ್ಕೂ ಇವರು ಶಾಲೆಗೆ ಹೊರಡುವುದಕ್ಕೂ ಸರಿಹೋಗುತ್ತದೆ. "ನಮ್ಮದು ಹೊಸ್ತಿಲ ಮೇಲಿನ ಸಂಸಾರ. ನನ್ನ ಟೀ ಲೋಟ ಅವಳ ಕೈಲಿರುತ್ತೆ, ಅವಳ ಬ್ಯಾಗು ನನ್ನ ಕೈಲಿರುತ್ತೆ. ಅದಲು ಬದಲು ಮಾಡ್ಕೊಂಡು ಹೋಗ್ತೀವಿ. ಆದ್ರೂ ಜಗಳ ಆಡೋಕೆ ಟೈಮ್ ಸಿಗುತ್ತೆ ನೋಡಿ," ಎನ್ನುತ್ತಾರೆ ಗಂಡ. ಭಾನುವಾರ ಫೋನ್ ಮಾಡುವ ಮೇಡಂ ಅವರ ಸ್ವಂತ ಅಕ್ಕ ಮಾತ್ರ, "ಇನ್ನೂ ಆ ಮಕ್ಕಳನ್ನ ಕುಣಿಸ್ತಾನೇ ಇದೀಯಾ?" ಎಂದು ಕೇಳುವುದನ್ನು ಬಿಟ್ಟಿಲ್ಲ.

ಶಾಲೆಯಲ್ಲೂ ಹೆಚ್ಚುಕಡಿಮೆ ಇದೇ ಮಾತು. ಪರೀಕ್ಷೆ ಹತ್ತಿರ ಬಂದರೆ ಗಣಿತದವರು ನಾಟಕದ ಪಿರಿಯಡ್ಡನ್ನು ಎರವಲು ಕೇಳುತ್ತಾರೆ, ಹಿಂದಿರುಗಿಸುವುದಿಲ್ಲ. "ಇವತ್ತು ಯಾರನ್ನ ಅಳಿಸಿದ್ರಿ?" ಎಂದು ಶಿಕ್ಷಕರ ಕೋಣೆಯಲ್ಲಿ ತಮಾಷೆ. ಪೋಷಕರ ಸಭೆಯಲ್ಲಿ ತಾಯಿಯೊಬ್ಬರು ಗಾಬರಿಯಿಂದ ಕೇಳುತ್ತಿದ್ದಾರೆ: "ನನ್ನ ಮಗಳು ಸಿನಿಮಾ ಕಡೆ ಹೋಗಿಬಿಡ್ತಾಳಾ ಮೇಡಂ?"

"ಇಲ್ಲ ಅಮ್ಮ, ಬ್ಯಾಂಕಿಗೋ ಆಫೀಸಿಗೋ ಹೋಗ್ತಾಳೆ. ಎದುರಿಗೆ ಕೂತವರ ಮುಖ ನೋಡಿ ಮಾತಾಡ್ತಾಳೆ. ಅಷ್ಟು ಸಾಲದಾ?"

ತಾಯಿಗೆ ಸಾಲುವುದಿಲ್ಲ, ಆದರೂ ತಲೆಯಾಡಿಸುತ್ತಾರೆ. ಮೇಡಂ ಆಗಲೇ ಮುಂದಿನ ಪೋಷಕರ ಕಡೆ ಹೊರಟಿದ್ದಾರೆ.

ಇವರೊಡನೆ ಕೂತು ಮಾತಾಡುವುದು ಆಗದ ಕೆಲಸ. ನಾನು ಕುರ್ಚಿ ಎಳೆದು ಕೂತರೆ ಅವರು ಎದ್ದಿರುತ್ತಾರೆ. ಮಾತೆಲ್ಲ ಆಗುವುದು ಮೆಟ್ಟಿಲ ಮೇಲೆ, ಕಾರಿಡಾರಿನಲ್ಲಿ, ಸೈಕಲ್ ಸ್ಟ್ಯಾಂಡಿನ ಬದಿಯಲ್ಲಿ. ಮೂರು ವರ್ಷದ ಹಿಂದಿನ ಒಂದು ನಾಟಕದ ವಿಷಯ ಬಂದಾಗ ಮಾತ್ರ ಅವರ ನಡಿಗೆ ನಿಧಾನವಾಗುತ್ತದೆ. ಅದನ್ನು ಅವರಾಗಿ ಎತ್ತಲಿಲ್ಲ. ಅಡುಗೆಯ ಅಕ್ಕ ಪಾತ್ರೆ ಉಜ್ಜುತ್ತ, "ಆ ಕಂಡಕ್ಟರ್ ಮಗಳ ಕಥೆ ಕೇಳಿದ್ರಾ?" ಎಂದು ನನ್ನ ಕಿವಿಗೆ ಹಾಕಿದ್ದರು.

ಆ ವರ್ಷ ಒಂದು ಗುಂಪಿನಲ್ಲಿ ಐವರಿದ್ದರು. ಅವರಲ್ಲೊಬ್ಬಳು ಸಿಟಿ ಬಸ್ ಕಂಡಕ್ಟರ್ ಒಬ್ಬರ ಮಗಳು. ಮೊದಮೊದಲು ಅವಳು ಅಪ್ಪನ ಹಾಗೆ ನಡೆದು ತೋರಿಸುತ್ತಿದ್ದಳು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುವ ಕಾಲು, ಕಿವಿಗೆ ಸಿಕ್ಕಿಸಿದ ಪೆನ್ನು, "ಮುಂದೆ ಹೋಗಿ, ಮುಂದೆ ಹೋಗಿ, ಬಸ್ಸಿನ ಮುಂದೆ ಅಲ್ಲ, ಬಸ್ಸಲ್ಲಿ ಮುಂದೆ" ಎನ್ನುವ ದನಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ನಾನೂ ನಕ್ಕೆ," ಎನ್ನುತ್ತಾರೆ ಮೇಡಂ. "ಆಮೇಲೆ ಹೇಳ್ದೆ, ನಗಿಸಿದ್ದು ಸಾಕು, ಇದರ ಹಿಂದೆ ಏನಿದೆ? ಮಾರನೇ ದಿನವೂ ಹೇಳ್ದೆ, ಇನ್ನೂ ಒಳಗೆ ಹೋಗು. ಅದು ನನ್ನ ಬಾಯಿಚಟ. 'ಇನ್ನೂ, ಇನ್ನೂ' ಅಂತಿರ್ತೀನಿ."

ಒಂದು ಬೆಳಿಗ್ಗೆ ಹುಡುಗಿ ನಗಿಸಲಿಲ್ಲ. ಊಟದ ಕೋಣೆಯ ಬೆಂಚುಗಳನ್ನು ಎರಡೆರಡಾಗಿ ಜೋಡಿಸಿ ಬಸ್ಸು ಮಾಡಿದಳು. ಆಡಿ ತೋರಿಸಿದ್ದು, ಅವಳು ಚಿಕ್ಕವಳಿದ್ದಾಗ ಅಪ್ಪನ ಬಸ್ಸಿನಲ್ಲಿ ಕೂತು ಮನೆಗೆ ಹೋಗುತ್ತಿದ್ದ ಒಂದು ಸಂಜೆ ನಡೆದದ್ದು. ಸೇತುವೆಯ ನಡುವೆ ಇಳಿಸು ಎಂದು ಪ್ರಯಾಣಿಕನೊಬ್ಬ ಹಟ ಹಿಡಿದ. ಇಲ್ಲಿ ಸ್ಟಾಪಿಲ್ಲ ಎಂದು ಕಂಡಕ್ಟರ್ ಹೇಳಿದರು. ಆತ ಕೈ ಬೀಸಿ ಕೆನ್ನೆಗೆ ಹೊಡೆದ. ಇಡೀ ಬಸ್ಸು ಗಪ್‌ಚಿಪ್. ಕಂಡಕ್ಟರ್ ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಹೆಹ್ಹೆ ಎಂದು ನಕ್ಕುಬಿಟ್ಟರು, ಸ್ನೇಹಿತನೊಬ್ಬ ತಮಾಷೆ ಮಾಡಿದನೋ ಎಂಬ ಹಾಗೆ. ಮಗಳು ಕಿಟಕಿಯ ಪಕ್ಕದ ಸೀಟಿನಲ್ಲಿ ಅರ್ಧ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ನೋಡಿದ್ದಳು. ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಅದೇ ಆ ಗುಂಪಿನ ನಾಟಕವಾಯಿತು. ಹುಡುಗಿಯೇ ಕಂಡಕ್ಟರ್. ಹೊಡೆಯುವವನ ಕೈ ಗಾಳಿಯಲ್ಲಿ ಹಾದುಹೋದಾಗ ಹಿಂದಿನ ಬೆಂಚಿನವಳು ಚಪ್ಪಾಳೆ ತಟ್ಟುತ್ತಿದ್ದಳು. ನೋಡುವವರು ಬೆಚ್ಚಿಬೀಳುತ್ತಿದ್ದರು. ಆಮೇಲೆ ಆ ನಗು. ನಗುವಿನ ಮೇಲೆ ದೀಪ ಆರುತ್ತಿತ್ತು.

ಪರೀಕ್ಷೆಗೆ ಒಂದು ತಿಂಗಳಿರುವಾಗ ಮನೆಯವರನ್ನೆಲ್ಲ ಕರೆದು ಒಂದು ಪ್ರದರ್ಶನ ಮಾಡುವುದು ಇಲ್ಲಿನ ವಾಡಿಕೆ. ಕಂಡಕ್ಟರ್ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದರು. ಬೆವರು ಒರೆಸಿಕೊಳ್ಳುತ್ತ ಹಿಂದೆ ನಿಂತರು. ಮಗಳು ತನ್ನ ಹಾಗೆ ನಡೆಯುವುದನ್ನು ಕಂಡು ಪಕ್ಕದವರ ಕಡೆ ತಿರುಗಿ ಹೆಮ್ಮೆಯಿಂದ ನಕ್ಕರು. ಏಟಿನ ಚಪ್ಪಾಳೆ ಕೇಳಿಸಿತು. ವೇದಿಕೆಯ ಮೇಲಿನ ಕಂಡಕ್ಟರ್ ಹೆಹ್ಹೆ ಎಂದಳು. ದೀಪ ಆರಿ ಮತ್ತೆ ಹತ್ತಿದಾಗ ಹಿಂದಿನ ಬಾಗಿಲು ಅಲ್ಲಾಡುತ್ತಿತ್ತು, ಅವರು ಅಲ್ಲಿರಲಿಲ್ಲ.

ಮಾರನೆಯ ಬೆಳಿಗ್ಗೆ ಹುಡುಗಿ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಉಳಿದ ನಾಲ್ವರು ಕಂಡಕ್ಟರ್ ಇಲ್ಲದ ಬಸ್ಸಿನಲ್ಲಿ ಪೆಚ್ಚುಮೋರೆ ಹಾಕಿಕೊಂಡು ಕೂತರು. ಒಬ್ಬನ ತಂದೆ ಶಾಲೆಗೆ ಬಂದು, ನನ್ನ ಮಗನ ಅಂಕಕ್ಕೆ ಯಾರು ಹೊಣೆ ಎಂದು ಕೂಗಾಡಿದರು. "ಮನೆ ವಿಷಯ ಎಲ್ಲ ಯಾಕೆ ಕೆದಕ್ತೀರಿ? ಪುಸ್ತಕದಲ್ಲಿ ನಾಟಕ ಇಲ್ವಾ?" ಎಂದು ಮುಖ್ಯೋಪಾಧ್ಯಾಯರು ಕೇಳಿದರು.

ಮೇಡಂ ಹುಡುಗಿಯ ಮನೆಗೆ ಹೋದರು. ಬಾಗಿಲು ತೆರೆದದ್ದು ತಾಯಿ. "ಅವರು ಇವಳ ಹತ್ತಿರ ಮಾತಾಡ್ತಿಲ್ಲ, ಇವಳು ಅವರ ಹತ್ತಿರ ಮಾತಾಡ್ತಿಲ್ಲ. ಉಪ್ಪು ಬೇಕು ಅಂದ್ರೂ ನಾನೇ ಮಧ್ಯೆ ಸುದ್ದಿ ಮುಟ್ಟಿಸ್ಬೇಕು, ಪೋಸ್ಟ್‌ಮ್ಯಾನ್ ಥರ," ಎಂದರು. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಎಷ್ಟು ಕರೆದರೂ ತೆರೆಯಲಿಲ್ಲ.

ಅವತ್ತಿನಿಂದ ಶಾಲೆ ಬಿಟ್ಟ ಮೇಲೆ ಮೇಡಂ ಆ ಕಂಡಕ್ಟರ್ ಇರುವ ಬಸ್ಸು ಹತ್ತತೊಡಗಿದರು. ಮೊದಲ ದಿನ ಅವರು ಮುಖ ನೋಡದೆ ಟಿಕೆಟ್ ಹರಿದು ಕೊಟ್ಟರು. ಮೇಡಂ ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸ್ ಬಂದರು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಕಂಡಕ್ಟರ್ ಬಾಯಿಬಿಟ್ಟರು: "ಸೀಟಿದೆ, ಕೂತ್ಕೊಳ್ಳಿ." ಅಷ್ಟೇ.

"ಆ ಮೇಡಂ ಸೀಟಿದ್ರೂ ಕೂರೋರಲ್ಲ," ಎಂದು ಕಂಡಕ್ಟರ್ ಈಗ ನನಗೆ ಹೇಳುತ್ತಾರೆ. "ಬಾಗಿಲ ಹತ್ತಿರ ನಿಂತು ಕಾಲು ಅಲ್ಲಾಡಿಸ್ತಾ ಇದ್ರು. ಬ್ರೇಕ್ ಹಾಕಿದ್ರೆ ಬಿದ್ದು ಹಲ್ಲು ಮುರ್ಕೋತಾರೆ ಅಂತ ನಂಗೇ ಯೋಚನೆ."

ನಾಲ್ಕನೆಯ ದಿನ ಕೊನೆಯ ಸ್ಟಾಪಿನಲ್ಲಿ ಡ್ರೈವರ್ ಟೀ ಕುಡಿಯಲು ಇಳಿದ. ಖಾಲಿ ಬಸ್ಸಿನಲ್ಲಿ ಕಂಡಕ್ಟರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಅವಳು ನಿದ್ದೆ ಮಾಡ್ತಿದಾಳೆ ಅಂದ್ಕೊಂಡಿದ್ದೆ ಮೇಡಂ," ಎಂದರು. "ಕಿಟಕಿಗೆ ತಲೆ ಕೊಟ್ಟಿದ್ಲು. ಅವನು ಹೊಡೆದಾಗ ನನ್ನ ಕೈಯೂ ಮೇಲೆ ಹೋಯ್ತು. ಅಷ್ಟರಲ್ಲಿ ಎದುರಿಗೆ ಅವಳು ಕಾಣಿಸಿದ್ಲು. ಗಲಾಟೆ ಆದ್ರೆ ಮಗು ಎದ್ದುಬಿಡುತ್ತೆ, ಹೆದರಿಕೊಳ್ಳುತ್ತೆ ಅಂತ ನಕ್ಕುಬಿಟ್ಟೆ. ಅವಳು ಬಸ್ಸಲ್ಲಿ ಇಲ್ದಿದ್ರೆ ನಾನು ನಗ್ತಿರ್ಲಿಲ್ಲ."

"ಇದನ್ನ ನಂಗೆ ಹೇಳಿ ಏನು ಪ್ರಯೋಜನ? ಅವಳಿಗೆ ಹೇಳಿ," ಎಂದರು ಮೇಡಂ.

"ಹೇಗೆ ಹೇಳೋದು? ಪೆಟ್ಟು ತಿಂದಿದ್ದನ್ನ ಅಪ್ಪ ಕೂತ್ಕೊಂಡು ಮಗಳಿಗೆ ವಿವರಿಸ್ತಾನಾ?" ಡ್ರೈವರ್ ಬರುವುದು ಕಂಡಾಗ ಎದ್ದು ನಿಂತು ಮತ್ತೆ ಹೇಳಿದರು: "ಇನ್ನೊಂದು ಮಾತು. ನಾನು ನಕ್ಕಲ್ಲಿಗೇ ನಾಟಕ ನಿಲ್ಲಿಸಿಬಿಟ್ಲು. ಬಸ್ಸು ಅಲ್ಲಿಗೇ ನಿಂತಿತ್ತಾ? ಇನ್ನೂ ಅರ್ಧ ದಾರಿ ಇತ್ತು. ಹತ್ತಿದೋರಿಗೆಲ್ಲ ಟಿಕೆಟ್ ಕೊಟ್ಟೆ. ಮುದುಕಿಯೊಬ್ಬಳ ಗಂಟು ಇಳಿಸಿಕೊಟ್ಟೆ. ಆ ಮನುಷ್ಯನೂ ಬಸ್ಸಲ್ಲೇ ಇದ್ದ. ಅವನ ಸ್ಟಾಪ್ ಬಂದಾಗ ಸೀಟಿ ಊದಿ ಅವನನ್ನೂ ಇಳಿಸ್ದೆ. ಕೆನ್ನೆ ಉರೀತಾ ಇತ್ತು. ಅದನ್ಯಾರು ತೋರಿಸ್ತಾರೆ?"

ಡ್ರೈವರ್ ಹತ್ತಿ ಕೂತ. ಬಸ್ಸು ಹೊರಟಿತು.

ಎರಡು ದಿನ ಬಿಟ್ಟು ಹುಡುಗಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಟೇಬಲ್ ತಳ್ಳುತ್ತಿದ್ದಳು. ಕಣ್ಣು ಊದಿತ್ತು. "ಅಪ್ಪ ಮಾತಾಡಿದ್ರು," ಎಂದಳು. ಏನು ಮಾತಾಡಿದರೆಂದು ಹೇಳಲಿಲ್ಲ, ಮೇಡಂ ಕೇಳಲೂ ಇಲ್ಲ. "ನಾಟಕದ ಕೊನೆ ಬದಲಾಗುತ್ತೆ ಮಿಸ್."

"ಆಗ್ಲಿ, ತೋರಿಸು."

"ಇಲ್ಲ, ನಿಮಗೆ ತೋರಿಸಲ್ಲ. ಪರೀಕ್ಷೆ ದಿನವೇ ಮಾಡ್ತೀನಿ. ನೀವು ನೋಡಿದ್ರೆ 'ಇನ್ನೂ' ಅಂತೀರಿ."

ಉಳಿದ ನಾಲ್ವರೂ ಅವಳ ಹಿಂದೆ ನಿಂತರು. ಹೊಸ ಕೊನೆಯನ್ನು ಅವರು ಅಭ್ಯಾಸ ಮಾಡಿದ್ದು ಸೈಕಲ್ ಸ್ಟ್ಯಾಂಡಿನ ಹಿಂದೆ, ಮೇಡಂ ಅತ್ತ ಸುಳಿಯದಂತೆ ಒಬ್ಬನನ್ನು ಕಾವಲಿಗಿಟ್ಟು.

"ಎರಡು ದಿನ ಊಟ ಸೇರ್ಲಿಲ್ಲ ನಂಗೆ," ಎನ್ನುತ್ತಾರೆ ಮೇಡಂ. ಕಾರಿಡಾರಿನ ಕಂಬಿಯನ್ನು ಹಿಡಿದು ಬಿಟ್ಟು ಮಾಡುತ್ತಿದ್ದಾರೆ. "ಸಿಟ್ಟು ಬಂತು. ಆಮೇಲೆ ಹೆದರಿಕೆ ಆಯ್ತು. ಆ ಹುಡುಗಿಯನ್ನ ಅಷ್ಟು ದೂರ ತಳ್ಳಿದ್ದು ತಪ್ಪೋ ಸರಿಯೋ? ಇವತ್ತಿಗೂ ಗೊತ್ತಿಲ್ಲ. ತಳ್ಳದೇ ಇದ್ದಿದ್ರೆ ಅಪ್ಪ ಮಗಳು ಆ ಮಾತು ಆಡ್ತಿರ್ಲಿಲ್ಲ ಅಂತ ಒಂದು ಮನಸ್ಸು ಹೇಳುತ್ತೆ. ಅವರು ಮಾತಾಡದೇ ಹೋಗಿದ್ರೆ ಏನ್ಮಾಡ್ತಿದ್ದೆ ಅಂತ ಇನ್ನೊಂದು ಕೇಳುತ್ತೆ."

ಈ ಪರೀಕ್ಷೆಗೆ ಒಂದು ನಿಯಮವಿದೆ. ಪರೀಕ್ಷಕರು ನೋಡುವಾಗ ಕಲಿಸಿದವರು ಒಳಗಿರುವಂತಿಲ್ಲ. ಕಣ್ಸನ್ನೆ ಮಾಡಿಯಾರು, ಮಾತು ಎತ್ತಿಕೊಟ್ಟಾರು ಎಂಬ ಮುನ್ನೆಚ್ಚರಿಕೆ. ಹೀಗಾಗಿ ಇಷ್ಟು ವರ್ಷ ಕಲಿಸಿದರೂ ತಮ್ಮ ಮಕ್ಕಳ ಕೊನೆಯ ಆಟವನ್ನು ಮೇಡಂ ಒಮ್ಮೆಯೂ ನೋಡಿಲ್ಲ. ಊಟದ ಕೋಣೆಯ ಮುಚ್ಚಿದ ಬಾಗಿಲ ಹೊರಗೆ, ಕಾರಿಡಾರಿನಲ್ಲಿ, ಕಿವಿ ನಿಮಿರಿಸಿಕೊಂಡು ಆ ತುದಿಯಿಂದ ಈ ತುದಿಗೆ ನಡೆಯುವುದೇ ಅವರ ಪಾಲಿಗೆ ಪರೀಕ್ಷೆ.

ಅವತ್ತೂ ಹಾಗೆಯೇ ನಡೆಯುತ್ತಿದ್ದರು. ಮೆಟ್ಟಿಲು ಹತ್ತಿ ಯಾರೋ ಬಂದ ಸದ್ದಾಯಿತು. ತಿರುಗಿದರೆ ಕಂಡಕ್ಟರ್. ಹೆಗಲಲ್ಲಿ ಚೀಲ, ಕೈಯಲ್ಲಿ ಟೋಪಿ. ಎರಡು ಟ್ರಿಪ್ಪಿನ ನಡುವೆ ಬಿಡುವು ಮಾಡಿಕೊಂಡು ಬಂದಿದ್ದರು.

"ಒಳಗೆ ಬಿಡ್ತಾರಾ?"

"ನನ್ನನ್ನೇ ಬಿಡಲ್ಲ."

ಇಬ್ಬರೂ ಬಾಗಿಲಿಗೆ ಕಿವಿ ಕೊಟ್ಟು ನಿಂತರು. ಒಳಗೆ ಬೆಂಚು ಎಳೆದ ಸದ್ದು, ಸೀಟಿ, "ಮುಂದೆ ಹೋಗಿ, ಮುಂದೆ ಹೋಗಿ." ಪರೀಕ್ಷಕರು ನಕ್ಕದ್ದು ಕೇಳಿಸಿತು. ಸೇತುವೆಯ ಜಗಳ. ಚಪ್ಪಾಳೆ ಫಟ್ಟೆಂದಿತು. ಕಂಡಕ್ಟರ್ ಕಣ್ಣು ಮುಚ್ಚಿಕೊಂಡರು. ಆಮೇಲೆ ಅವರ ಮಗಳ ಗಂಟಲಿನಿಂದ ಅವರದೇ ನಗು ಬಂತು.

ಅಲ್ಲಿಂದಾಚೆ ಏನು ಬರುತ್ತದೆಂದು ಮೇಡಂಗೆ ಗೊತ್ತಿರಲಿಲ್ಲ. ಒಳಗೆ ಸದ್ದೇ ಇಲ್ಲ. ಎಷ್ಟು ಹೊತ್ತೆಂದರೆ, ಹುಡುಗಿ ಮಾತು ಮರೆತಳೆಂದೇ ಮೇಡಂ ಅಂದುಕೊಂಡರು. ಸೀಟಿ ಕೇಳಿಸಿತು. "ಟಿಕೆಟ್... ಟಿಕೆಟ್ ಯಾರಾದ್ರೂ..." ದನಿ ನಡುಗುತ್ತಿತ್ತು. ಬೆಂಚುಗಳ ನಡುವೆ ಹೆಜ್ಜೆ ಸರಿದವು. "ಅಜ್ಜಿ, ಗಂಟು ಇಲ್ಲಿ ಕೊಡಿ. ನಿಧಾನ." ಮತ್ತೆ ಸೀಟಿ. "ಟಿಕೆಟ್, ಟಿಕೆಟ್." ಒಂದೊಂದು ಸ್ಟಾಪಿಗೂ ದನಿಯ ನಡುಕ ಕಡಿಮೆಯಾಗುತ್ತ ಹೋಗಿ, ಕೊನೆಗೆ ದಿನವೂ ಬಸ್ಸಿನಲ್ಲಿ ಕೇಳುವ, ಯಾರೂ ತಿರುಗಿ ನೋಡದ ಮಾಮೂಲಿ ದನಿಯಾಯಿತು. ಕಂಡಕ್ಟರ್ ತುಟಿಗಳು ಜೊತೆಗೇ ಅಲ್ಲಾಡುತ್ತಿದ್ದವು.

ಗಡಿಯಾರ ನೋಡಿಕೊಂಡರು. "ನನ್ನ ಟ್ರಿಪ್ ಟೈಮಾಯ್ತು ಮೇಡಂ," ಎಂದು ಟೋಪಿ ಹಾಕಿಕೊಂಡು ಇಳಿದು ಹೋದರು. ಬಾಗಿಲು ಇನ್ನೂ ತೆರೆದಿರಲಿಲ್ಲ.

"ಅವಳು ಹೊರಗೆ ಬಂದಾಗ ಹೇಳ್ದೆ, ನಿಮ್ಮಪ್ಪ ಬಂದಿದ್ರು ಅಂತ," ಎನ್ನುತ್ತಾರೆ ಮೇಡಂ. "ನಾಟಕದ ಟಿಕೆಟ್ ಚೀಲ ಬಿಚ್ಚಿಡ್ತಾ ಇದ್ಲು. ಯಾವ ಕಡೆ ಹೋದ್ರು ಅಂದ್ಲು. ಮೆಟ್ಟಿಲ ಕಡೆ ಅಂದೆ. ಚೀಲದ ಸಮೇತ ಓಡಿದ್ಲು."

"ಸಿಕ್ಕಿದ್ರಾ?"

"ಅದನ್ನೂ ನೋಡ್ಲಿಲ್ಲ ನಾನು. ಮುಂದಿನ ಗುಂಪನ್ನ ಒಳಗೆ ಕಳಿಸ್ಬೇಕಿತ್ತು."

ಅಡುಗೆಯ ಅಕ್ಕ ಆ ದಿನ ಒಂದು ಪಾತ್ರೆಯನ್ನೂ ಸದ್ದು ಮಾಡದೆ, ಬಡಿಸುವ ಕಿಟಕಿಯ ಸಂದಿಯಿಂದ ಪೂರ್ತಿ ನೋಡಿದ್ದರಂತೆ. ಹೇಗಿತ್ತು ಎಂದು ಮೇಡಂ ಎಷ್ಟು ಪೀಡಿಸಿದರೂ ಅವರು ಹೇಳಿದ್ದು ಇಷ್ಟೇ: "ಬಸ್ಸು ಥರಾನೇ ಇತ್ತು. ಆಮೇಲೆ ನನ್ನ ಕಣ್ಣಿಗೆ ಏನೋ ಬಿತ್ತು."

ಗುಂಪು ಒಳ್ಳೆಯ ಅಂಕ ಪಡೆಯಿತು. ಹುಡುಗಿ ಈಗ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಓದುತ್ತಿದ್ದಾಳೆ, ನಾಟಕದ ತಂಟೆಗೆ ಹೋಗಿಲ್ಲ. ಅವಳಪ್ಪ ಅದೇ ಬಸ್ಸಿನಲ್ಲಿದ್ದಾರೆ. ಒಂದು ಮಧ್ಯಾಹ್ನ ಅವರ ಬಸ್ಸು ಹತ್ತಿ, ಅವತ್ತು ಮಗಳು ನಿಮಗೆ ಸಿಕ್ಕಿದಳಾ ಎಂದು ಕೇಳಿದೆ. ಟಿಕೆಟ್ ಹರಿದು ನನ್ನ ಕೈಗಿಟ್ಟು, "ಅವತ್ತು ಬಸ್ಸು ಹೊರಡೋದು ಸ್ವಲ್ಪ ಲೇಟಾಯ್ತು," ಎಂದು ಮುಂದಿನ ಸೀಟಿಗೆ ಹೋದರು.

ಈ ವರ್ಷದ ಒಂಬತ್ತು ಮಂದಿಗೆ ಪರೀಕ್ಷೆ ಹತ್ತಿರ ಬರುತ್ತಿದೆ. ನಾನು ಹೋದ ಕೊನೆಯ ಬೆಳಿಗ್ಗೆ, ಉದ್ದ ಕೈಕಾಲಿನ ಹುಡುಗನೊಬ್ಬ ಮನೆ ಬಿಟ್ಟು ಹೋದ ಅಣ್ಣನ ಖಾಲಿ ಹಾಸಿಗೆಯ ಬಗ್ಗೆ ಒಂದು ತುಣುಕು ಆಡಿ ತೋರಿಸುತ್ತಿದ್ದಾನೆ. ಹಾಸಿಗೆಯ ಮೇಲೆ ಕೂರುವುದೋ ಬೇಡವೋ ಎಂದು ನಿಂತೇ ಇದ್ದಾನೆ. ಮುಗಿಸಿ ಮೇಡಂ ಕಡೆ ನೋಡುತ್ತಾನೆ. ಮೇಡಂ ಬಾಯಿ ತೆರೆಯುತ್ತಾರೆ. ನಾಲಗೆಯ ತುದಿಗೆ ಬಂದದ್ದು ಯಾವ ಮಾತೆಂದು ನನಗೂ ಗೊತ್ತು. ಅವರು ಕೋಣೆಯ ಆ ತುದಿಗೆ ನಡೆದು, ಕಿಟಕಿ ಮುಚ್ಚಿ, ಮತ್ತೆ ತೆರೆದು, ವಾಪಸ್ ಬರುತ್ತಾರೆ.

"ಇದನ್ನ ಯಾರ ಮುಂದೆ ಆಡ್ತೀಯೋ ಅವರಿಗೆ ಮೊದಲು ಹೇಳಿದೀಯಾ? ಅಮ್ಮನಿಗೆ?"

"ಇಲ್ಲ ಮಿಸ್."

"ಹೇಳು. ಅವರು ಏನಂತಾರೆ ಕೇಳ್ಕೊಂಡು ಬಾ. ಆಮೇಲೆ ನೋಡೋಣ."

ಹುಡುಗ ತಲೆಯಾಡಿಸುತ್ತಾನೆ. ಅವನಿಗೆ ಸಮಾಧಾನವಾದಂತೆ ಕಾಣುವುದಿಲ್ಲ, ಮೇಡಂಗೂ ಅಷ್ಟೇ. ಮುಂದಿನ ವರ್ಷಕ್ಕೆ ನಾಟಕ ಆರಿಸಿಕೊಂಡವರು ಇನ್ನೂ ನಾಲ್ವರು ಮಾತ್ರ. ಇಷ್ಟು ಕಡಿಮೆ ಮಂದಿಗಾಗಿ ವಿಷಯ ನಡೆಸುವುದು ಕಷ್ಟ ಎಂದು ಶಾಲೆ ಆಗಲೇ ಹೇಳಿದೆ. ಆದ್ದರಿಂದ ಬಿಡುವಿನ ಹೊತ್ತಿನಲ್ಲಿ ಮೇಡಂ ಕೆಳಗಿನ ತರಗತಿಗಳ ಬಾಗಿಲು ಬಾಗಿಲಿಗೂ ಹೋಗಿ ಮಕ್ಕಳನ್ನು ಮಾತಾಡಿಸುತ್ತಿದ್ದಾರೆ. ಒಂದು ತರಗತಿಯಲ್ಲಿ ಕೇಳುತ್ತಾರೆ, ನಿಮ್ಮಲ್ಲಿ ಯಾರಿಗೆ ಎದ್ದು ನಿಂತು ಮಾತಾಡೋಕೆ ಭಯ? ಅರ್ಧ ತರಗತಿ ಕೈ ಎತ್ತುತ್ತದೆ. "ನೀವೆಲ್ಲ ನನ್ನ ಕ್ಲಾಸಿನವರು," ಎಂದು ಹೇಳಿ ಮುಂದಿನ ಬಾಗಿಲಿಗೆ ಧಾವಿಸುತ್ತಾರೆ.

ಗೇಟಿನವರೆಗೆ ನನ್ನನ್ನು ಕಳಿಸಲು ಬರುವಾಗ ಕೇಳುತ್ತೇನೆ, ನಿಮಗೇನು ಬೇಕು?

"ಕೆಲಸ ಖಾಯಂ ಆಗ್ಲಿ ಅಂತ ಬರ್ಕೊಳ್ಳಿ. ಒಂದು ಕೋಣೆ ಕೊಡ್ಲಿ ಅಂತಾನೂ ಬರ್ಕೊಳ್ಳಿ," ಎಂದು ನಗುತ್ತಾರೆ. ಗೇಟಿನ ಚಿಲಕವನ್ನು ಎತ್ತಿ ಇಳಿಸುತ್ತ ನಿಲ್ಲುತ್ತಾರೆ. ಒಳಗೆ ಗಂಟೆ ಬಾರಿಸುತ್ತದೆ. ಹೊರಟವರು ಎರಡು ಹೆಜ್ಜೆ ಹಾಕಿ ತಿರುಗುತ್ತಾರೆ.

"ಆ ಐದೂ ಜನ ಈಗ ಒಂದೊಂದು ಕಡೆ ಇದಾರೆ. ಯಾವತ್ತಾದ್ರೂ 'ಬನ್ನಿ ಮಿಸ್' ಅಂತ ಕರೆದು, ಬೆಂಚು ಜೋಡಿಸಿ, ಆ ಬಸ್ಸನ್ನ ಕೊನೇ ಸ್ಟಾಪಿನವರೆಗೆ ಓಡಿಸಿ ತೋರಿಸಿದ್ರೆ ಸಾಕು. ಮುಂದಿನ ಸಾಲಲ್ಲಿ ಕೂತ್ಕೊಂಡು ನೋಡ್ತೀನಿ. ಒಂದು ಮಾತೂ ಆಡಲ್ಲ."